ಶುಶ್ರೂಷಕರ ರಕ್ಷಣೆ: ಮನೆಯ ಆರೈಕೆಯಲ್ಲಿ ಅಂಟುಜಾಡ್ಯದ ತಡೆ

ಜಾಡ್ಯಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸತ್ತವರ ಸಂಖ್ಯೆಯನ್ನೂ ಸರ್ಕಾರದ ಆಜ್ಞೆಗಳನ್ನೂ ವೈದ್ಯರ ಸಂಶೋಧನೆಗಳನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ. ರೋಗಿಯ ಹಾಸಿಗೆಯ ಬಳಿ ಕುಳಿತು ಗಂಜಿ ಕುಡಿಸಿದವರು, ಬಟ್ಟೆ ಒಗೆದವರು, ಮಲಮೂತ್ರಗಳನ್ನು ಹೊರಗೆ ಸಾಗಿಸಿದವರು ಅಂತಹ ಗ್ರಂಥಗಳಲ್ಲಿ ಕಾಣಿಸಿಕೊಳ್ಳುವುದು ವಿರಳ. ಆದರೆ ನಮ್ಮ ನಾಡಿನಲ್ಲಿ ಬಹುಕಾಲ ರೋಗಿಗಳಲ್ಲಿ ಹೆಚ್ಚಿನವರು ಮನೆಯಲ್ಲಿಯೇ ಮಲಗಿದ್ದರು. ಅವರ ಆರೈಕೆ ಬಹುಮಟ್ಟಿಗೆ ಹೆಂಗಸರ ಪಾಲಿನ ಕೆಲಸವಾಗಿತ್ತು. ಹೀಗೆ ಮನೆಯಲ್ಲಿ ಶುಶ್ರೂಷೆ ಮಾಡುವವರಿಗೆ ರೋಗ ಅಂಟದಂತೆ ಕಾಪಾಡುವ ಕ್ರಮಗಳು ಹೇಗೆ ಬೆಳೆದುಬಂದವು ಎಂಬುದನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಈ ನಾಲ್ಕೂ ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಗೆ ಸೇರಿವೆ. ಆದರೆ ಆ ಜಿಲ್ಲೆ ರಚನೆಯಾದುದು ೧೯೯೭ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದುದು ೨೦೧೮ರಲ್ಲಿ. ಆದುದರಿಂದ ಈ ಸೀಮೆಯ ಹಳೆಯ ಆರೋಗ್ಯ ವ್ಯವಸ್ಥೆಯನ್ನು ತಿಳಿಯಬಯಸುವ ವಿದ್ಯಾರ್ಥಿಯು ಎರಡು ಜಿಲ್ಲೆಗಳ ಕಾಗದಪತ್ರಗಳನ್ನು ನೋಡಬೇಕಾಗುತ್ತದೆ. ಇವೆಲ್ಲವೂ ಹಿಂದಿನ ಮೈಸೂರು ಸಂಸ್ಥಾನದ ಭಾಗಗಳೇ ಆಗಿದ್ದುದರಿಂದ ಸಂಸ್ಥಾನದ ಚರಿತ್ರೆಯೇ ಇವುಗಳಿಗೂ ಹಿನ್ನೆಲೆಯಾಗಿದೆ.

ರೋಗಾಣುಗಳ ಅರಿವು ಮೂಡುವುದಕ್ಕೆ ಮೊದಲೇ ನಮ್ಮ ಮನೆಗಳಲ್ಲಿ ಕೆಲವು ಕಟ್ಟುಪಾಡುಗಳಿದ್ದವು. ಸಿಡುಬು ಎದ್ದರೆ "ಅಮ್ಮ ಬಂದಿದ್ದಾಳೆ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಅದನ್ನು ಕಂಡ ಹೊರಗಿನವರು ಒಳಗೆ ಬರುತ್ತಿರಲಿಲ್ಲ. ರೋಗಿಯನ್ನು ಒಂದು ಕೋಣೆಯಲ್ಲಿ ಮಲಗಿಸಿ, ಹಿಂದೆ ಸಿಡುಬು ಆಗಿ ಗುಣವಾದವರೇ ಬಳಿಯಲ್ಲಿರುವುದು ಲೇಸೆಂದು ಭಾವಿಸುತ್ತಿದ್ದರು. ಭಕ್ತಿಯ ಹೆಸರಿನಲ್ಲಿ ನಡೆದ ಈ ಆಚರಣೆಯು ಪ್ರತ್ಯೇಕವಾಸದ ಫಲವನ್ನು ಸ್ವಲ್ಪಮಟ್ಟಿಗೆ ಕೊಟ್ಟಿರಬೇಕು. ಏಕೆಂದರೆ ಸಿಡುಬಿನಿಂದ ಬದುಕಿ ಉಳಿದವರಿಗೆ ಆ ರೋಗ ಮತ್ತೆ ಬರುವುದು ಅತಿ ವಿರಳ. ಆದರೆ ಇದನ್ನು ಅತಿಯಾಗಿ ಹೊಗಳುವುದೂ ತಪ್ಪು. ಸಿಡುಬಿನ ಹೊಪ್ಪಳೆಗಳಲ್ಲಿ ಸೋಂಕು ಉಳಿಯುತ್ತಿದ್ದುದರಿಂದ ರೋಗಿಯ ಬಟ್ಟೆಯನ್ನು ಒಗೆಯುವವರಿಗೆ ಅಪಾಯವಿತ್ತು. ಅವರ ರಕ್ಷಣೆಗೆ ಈ ಕಟ್ಟುಪಾಡಿನಲ್ಲಿ ಸ್ಥಾನವಿರಲಿಲ್ಲ. ಬಾಣಂತಿಕೋಣೆಯ ವಿಷಯವೂ ಇಂತಹುದೇ. ಜನರ ಓಡಾಟವನ್ನು ತಡೆದದ್ದು ಒಳ್ಳೆಯದೇ ಆದರೂ, ಸೂಲಗಿತ್ತಿಯ ತೊಳೆಯದ ಕೈಯಿಂದಲೂ ಹೊಕ್ಕುಳಬಳ್ಳಿಯನ್ನು ಕೊಯ್ದ ಕುಡುಗೋಲಿನಿಂದಲೂ ಬಾಣಂತಿಗೆ ನಂಜು, ಶಿಶುವಿಗೆ ಧನುರ್ವಾಯು ಬರುತ್ತಿದ್ದವು.

ಕೈಯೇ ರೋಗವನ್ನು ಸಾಗಿಸಬಲ್ಲದೆಂಬುದನ್ನು ೧೮೪೭ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯನು ತೋರಿಸಿಕೊಟ್ಟನು. ಶವಪರೀಕ್ಷೆ ಮಾಡಿ ನೇರವಾಗಿ ಹೆರಿಗೆಯ ಕೋಣೆಗೆ ಬರುವ ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಅವನು ವಿಧಿಸಿದ ಬಳಿಕ ಬಾಣಂತಿಯರ ಸಾವು ಬಹುವಾಗಿ ಇಳಿಯಿತು. ಆದರೂ ಅವನ ಸಹೋದ್ಯೋಗಿಗಳಲ್ಲಿ ಅನೇಕರು ಅವನ ಮಾತನ್ನು ಒಪ್ಪಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಈ ಪ್ರಶ್ನೆಯನ್ನು ಮನೆಮನೆಗೂ ತಂದುದು ಪ್ಲೇಗು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿಯು ೧೮೯೮ರಲ್ಲಿ ಬೆಂಗಳೂರನ್ನು ತಲುಪಿ, ಬಳಿಕ ಸಂಸ್ಥಾನದ ಜಿಲ್ಲೆಗಳಿಗೆ ಹರಡಿತು. ಅಧಿಕಾರಿಗಳು ಮನೆಗಳನ್ನು ಶೋಧಿಸಿ ರೋಗಿಗಳನ್ನು ಬೇರೆ ಶಿಬಿರಗಳಿಗೆ ಸಾಗಿಸತೊಡಗಿದರು. ತಮ್ಮವರನ್ನು ಕೊಂಡೊಯ್ಯುವರೆಂಬ ಭಯದಿಂದ ಜನರು ರೋಗಿಗಳನ್ನು ಬಚ್ಚಿಡುವುದೂ ನಡೆಯಿತು. ಬಚ್ಚಿಟ್ಟ ಮನೆಯಲ್ಲಿ ಆರೈಕೆಯು ಕತ್ತಲೆಕೋಣೆಯೊಳಗೆ ನಡೆಯುತ್ತಿತ್ತು. ಯಾರ ಸಲಹೆಯೂ ಅಲ್ಲಿಗೆ ತಲುಪುವಂತಿರಲಿಲ್ಲ. ಬಲವಂತದಿಂದ ಸಾಧಿಸಹೊರಟ ತಡೆಯು ಶುಶ್ರೂಷಕರನ್ನು ಇನ್ನಷ್ಟು ಅಪಾಯಕ್ಕೆ ಗುರಿಮಾಡಿತೆಂಬುದನ್ನು ಇಲ್ಲಿ ಗಮನಿಸಬೇಕು.

ಇದೇ ಕಾಲದಲ್ಲಿ ರೋಗದ ದಾರಿಯು ಬೆಳಕಿಗೆ ಬಂದಿತು. ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಪ್ಲೇಗಿನ ರೋಗಾಣುವನ್ನು ಗುರುತಿಸಿದ್ದನು. ೧೮೯೮ರಲ್ಲಿ ಕರಾಚಿಯಲ್ಲಿ ಸೀಮೋಂ ಎಂಬ ಫ್ರೆಂಚ್ ವೈದ್ಯನು ಅದು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ತಗಲುವುದೆಂದು ತೋರಿಸಿದನು. ಇದರ ಅರ್ಥವೇನು? ಗಂಟು ಕಟ್ಟುವ ಪ್ಲೇಗಿನಲ್ಲಿ ಶುಶ್ರೂಷಕಿಗೆ ಮುಖ್ಯವಾದ ಅಪಾಯ ರೋಗಿಯ ಮೈಯಿಂದ ಬರುವುದಲ್ಲ, ಇಲಿಗಳಿರುವ ಮನೆಯಿಂದ ಬರುವುದು. ಶ್ವಾಸಕೋಶಕ್ಕೆ ಇಳಿದ ಪ್ಲೇಗಿನಲ್ಲಿಯಾದರೋ ರೋಗಿಯ ಕೆಮ್ಮೇ ಮಾರಕ. ಒಂದೇ ಹೆಸರಿನ ರೋಗದಲ್ಲಿಯೂ ಮುನ್ನೆಚ್ಚರಿಕೆ ಬೇರೆಬೇರೆಯಾಗಿರಬೇಕು. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ನಮ್ಮ ಹಳ್ಳಿಗರ ನಡತೆ ಇದಕ್ಕೆ ಒಪ್ಪುವಂತಿತ್ತು. ರೋಗಿ, ಶುಶ್ರೂಷಕಿ, ಮಕ್ಕಳು ಎಲ್ಲರೂ ಕೂಡಿಯೇ ಹೊರಟರೂ, ಇಲಿ ಚಿಗಟಗಳು ಹಿಂದೆ ಉಳಿಯುತ್ತಿದ್ದವು.

೧೯೧೮ರ ಇನ್‌ಫ್ಲುಯೆಂಜಾದಲ್ಲಿ ಊರು ಬಿಡುವ ಉಪಾಯವೂ ಸಾಗಲಿಲ್ಲ. ಆ ಜ್ವರವು ಉಸಿರಿನಿಂದ ಹರಡುವಂತಹುದು. ಮನೆಯವರೆಲ್ಲ ಒಟ್ಟಿಗೆ ಹಾಸಿಗೆ ಹಿಡಿದರೆ ನೀರು ಕೊಡುವವರೇ ಇಲ್ಲವಾಗುತ್ತಿತ್ತು. ಭಾರತದಲ್ಲಿ ಒಂದು ಕೋಟಿಗೂ ಮಿಗಿಲಾಗಿ ಜನರು ಸತ್ತರೆಂದು ಅಂದಾಜು. ೧೯೧೧ರಲ್ಲಿ ಸುಮಾರು ೫೮ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೯೨೧ರ ವೇಳೆಗೆ ೬೦ ಲಕ್ಷವನ್ನೂ ಮುಟ್ಟಲಿಲ್ಲ. ಶುಶ್ರೂಷಕರನ್ನು ಕಾಪಾಡುವುದು ರೋಗಿಯನ್ನು ಕಾಪಾಡುವುದರ ಒಂದು ಅಂಗವೇ ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಾಗಿಲ್ಲ.

ಮನೆಯ ಆರೈಕೆಯೇ ಅಪಾಯಕರವೆಂಬ ಭಾವನೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ ಕೀರ್ತಿ ಮದರಾಸಿಗೆ ಸಲ್ಲುತ್ತದೆ. ಕ್ಷಯರೋಗಿಯನ್ನು ಆರೋಗ್ಯಧಾಮಕ್ಕೆ ಸೇರಿಸದಿದ್ದರೆ ಮನೆಯವರಿಗೆಲ್ಲ ರೋಗ ಅಂಟುವುದೆಂಬುದು ಆ ಕಾಲದ ನಂಬಿಕೆ. ೧೯೫೬ರಲ್ಲಿ ಅಲ್ಲಿ ಸ್ಥಾಪಿತವಾದ ಸಂಶೋಧನಾ ಕೇಂದ್ರವು ಕೆಲವು ರೋಗಿಗಳಿಗೆ ಆರೋಗ್ಯಧಾಮದಲ್ಲಿಯೂ ಕೆಲವರಿಗೆ ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಒಂದೇ ಔಷಧವನ್ನು ಕೊಟ್ಟು ಹೋಲಿಸಿ ನೋಡಿತು. ೧೯೫೯ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ಕಡೆಯೂ ಗುಣ ಹೆಚ್ಚುಕಡಮೆ ಸಮಾನವಾಗಿತ್ತು. ಮನೆಯಲ್ಲಿ ಚಿಕಿತ್ಸೆ ಪಡೆದವರ ಕುಟುಂಬದವರಿಗೆ ಹೆಚ್ಚಿನ ಅಪಾಯ ಒದಗಿದುದೂ ಕಾಣಲಿಲ್ಲ. ಸೋಂಕು ಬಹುಮಟ್ಟಿಗೆ ಚಿಕಿತ್ಸೆಗೆ ಮೊದಲೇ ಹರಡಿರುತ್ತದೆ, ಔಷಧ ಆರಂಭವಾದ ಮೇಲೆ ರೋಗಿಯಿಂದ ಹರಡುವುದು ಬೇಗ ತಗ್ಗುತ್ತದೆ ಎಂಬುದು ಇದರ ಕಾರಣ. ೧೯೫೯ರಲ್ಲಿಯೇ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಮನೆಯಲ್ಲಿಯೇ ಚಿಕಿತ್ಸೆ ನೀಡುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ರೂಪ ಕೊಟ್ಟಿತು.

೧೯೮೦ರ ದಶಕದಲ್ಲಿ ಏಡ್ಸ್ ಕಾಣಿಸಿಕೊಂಡ ಬಳಿಕ ಇನ್ನೊಂದು ತತ್ತ್ವ ನೆಲೆಗೊಂಡಿತು. ಯಾರಲ್ಲಿ ಸೋಂಕಿದೆ ಎಂಬುದನ್ನು ನೋಡಿ ಹೇಳಲಾಗದು. ಆದುದರಿಂದ ಪ್ರತಿಯೊಬ್ಬ ರೋಗಿಯ ರಕ್ತವನ್ನೂ ದೇಹದ್ರವಗಳನ್ನೂ ಸೋಂಕುಳ್ಳವೆಂದೇ ಭಾವಿಸಿ ನಡೆದುಕೊಳ್ಳಬೇಕು. ಈ ತತ್ತ್ವವು ಶುಶ್ರೂಷಕರನ್ನು ಕಾಪಾಡುವಂತೆಯೇ ರೋಗಿಯನ್ನು ಕಳಂಕದಿಂದಲೂ ಕಾಪಾಡುತ್ತದೆ. ಎಲ್ಲರಿಗೂ ಒಂದೇ ಕ್ರಮವಾದಾಗ ಯಾರೊಬ್ಬರನ್ನೂ ಬೇರೆಯಾಗಿ ಕಾಣಬೇಕಾಗಿಲ್ಲ. ಇದರಿಂದ ಹೊರಟ ನಿಯಮಗಳು ಸರಳವಾದವು. ರೋಗಿಯನ್ನು ಮುಟ್ಟುವುದಕ್ಕೆ ಮೊದಲೂ ಮುಟ್ಟಿದ ಮೇಲೂ ಸಾಬೂನಿನಿಂದ ೪೦ರಿಂದ ೬೦ ಸೆಕೆಂಡುಗಳವರೆಗೆ ಕೈ ತೊಳೆಯಬೇಕು. ರಕ್ತ, ಕೀವು, ಮಲಮೂತ್ರಗಳನ್ನು ಮುಟ್ಟುವಾಗ ಕೈಗವಸು ಧರಿಸಬೇಕು. ಕಳಚಿದ ಮೇಲೆ ಮತ್ತೆ ಕೈ ತೊಳೆಯಬೇಕು, ಏಕೆಂದರೆ ಕೈಗವಸಿನಲ್ಲಿ ಕಾಣದ ತೂತುಗಳಿರಬಹುದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಗಟ್ಟಿಯಾದ ಡಬ್ಬಿಗೆ ಹಾಕಬೇಕು. ಕೊಳೆಯಾದ ಹಾಸುಬಟ್ಟೆಯನ್ನು ಕೊಡವದೆ ಸುತ್ತಿ ಒಯ್ಯಬೇಕು. ಕೆಮ್ಮುವ ರೋಗಿಯಿದ್ದರೆ ಕಿಟಕಿ ತೆರೆದು ಮುಖಗವಸು ಧರಿಸಬೇಕು. ತನ್ನ ಕೈಯ ಗಾಯವನ್ನು ಮುಚ್ಚಿಕೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನು ಹಾಕಿಸಿಕೊಂಡಿರಬೇಕು.

೨೦೦೫ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಆಶಾ ಕಾರ್ಯಕರ್ತೆಯರ ವ್ಯವಸ್ಥೆ ಜಾರಿಗೆ ಬಂದಿತು. ೨೦೧೧ರಿಂದ ನವಜಾತ ಶಿಶುಗಳ ಮನೆಭೇಟಿಯೂ ಅವರ ಕರ್ತವ್ಯವಾಯಿತು. ಶಿಶುವನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆಯುವುದು ಆ ಶಿಕ್ಷಣದ ಮೊದಲ ಪಾಠಗಳಲ್ಲಿ ಒಂದು. ಕೊರೋನಾ ಬಂದಾಗ ಮನೆಮನೆಗೂ ಹೋಗಿ ರೋಗಲಕ್ಷಣಗಳನ್ನು ವಿಚಾರಿಸಿದವರೂ ಇವರೇ. ೨೦೨೦ರ ಜುಲೈ ತಿಂಗಳಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಮಾಸಿಕ ೧೨,೦೦೦ ರೂಪಾಯಿಗಳ ನಿಶ್ಚಿತ ಗೌರವಧನವನ್ನೂ ರಕ್ಷಣಾ ಸಾಮಗ್ರಿಗಳನ್ನೂ ಕೇಳಿ ಕೆಲಸ ನಿಲ್ಲಿಸಿದರು. ಇತಿಹಾಸಕಾರನಿಗೆ ಇದು ಮಹತ್ತ್ವದ ಘಟನೆ. ಬೇವಿನ ಸೊಪ್ಪಿನ ಕಾಲದಿಂದ ಮೌನವಾಗಿದ್ದ ಶುಶ್ರೂಷಕಿಯು ತನ್ನ ದೇಹದ ರಕ್ಷಣೆಯನ್ನು ಹಕ್ಕೆಂದು ಇಲ್ಲಿ ಬಹಿರಂಗವಾಗಿ ಕೇಳಿದಳು.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹಿಂದಿರುಗೋಣ. ಹೊನ್ನಾಳಿ ಪಟ್ಟಣವು ತುಂಗಭದ್ರೆಯ ದಡದಲ್ಲಿದೆ. ನ್ಯಾಮತಿ ಅದರ ನೆರೆಯದು. ಚನ್ನಗಿರಿಗೆ ಶಾಂತಿಸಾಗರವೆಂದು ಕರೆಯಲ್ಪಡುವ ಸೂಳೆಕೆರೆಯೂ ಭದ್ರಾ ನಾಲೆಯ ನೀರೂ ಇವೆ. ಜಗಳೂರಾದರೋ ಬರಕ್ಕೆ ಹೆಸರಾದ ಸೀಮೆ. ಕೈ ತೊಳೆಯಬೇಕೆಂಬ ನಿಯಮವು ಪುಸ್ತಕದಲ್ಲಿ ಎಲ್ಲರಿಗೂ ಒಂದೇ. ಕೊಡನೀರಿಗಾಗಿ ಕಾಯಬೇಕಾದ ಮನೆಯಲ್ಲಿ, ದಿನಕ್ಕೆ ಹತ್ತು ಬಾರಿ ಕೈ ತೊಳೆಯಬೇಕಾದ ಶುಶ್ರೂಷಕಿಗೆ ಅದು ಬೇರೆಯೇ ಆಗಿ ಕಾಣುತ್ತದೆ. ಅಂತಹ ಕಡೆ ಅವಳ ಚೀಲದಲ್ಲಿ ಮದ್ಯಸಾರದ ಕೈದ್ರಾವಣವೂ ಕೈಗವಸುಗಳೂ ಇರುವಂತೆ ನೋಡಿಕೊಳ್ಳುವುದು ಅವಳನ್ನು ನೇಮಿಸಿದವರ ಹೊಣೆ. ಕಾಣುವಂತೆ ಕೊಳೆಯಾದ ಕೈಗೆ ಆ ದ್ರಾವಣ ಸಾಲದು, ನೀರೇ ಬೇಕು ಎಂಬುದನ್ನೂ ಮರೆಯಲಾಗದು.

ಮೇಲಿನ ಪರಿಶೀಲನೆಯಿಂದ ನಮಗೆ ತೋರುವುದಿಷ್ಟು. ರೋಗವು ಯಾವ ದಾರಿಯಿಂದ ಬರುತ್ತದೆಂಬುದು ತಿಳಿದಾಗಲೆಲ್ಲ ಮನೆಯ ಆರೈಕೆಯು ನಿರ್ಭಯವಾಗಿದೆ. ತಿಳಿಯದಿದ್ದಾಗ ಬಲವಂತವೋ ಬಚ್ಚಿಡುವಿಕೆಯೋ ಅದರ ಸ್ಥಾನವನ್ನು ಹಿಡಿದಿದೆ. ಆದರೆ ತಿಳಿವಳಿಕೆಯೊಂದೇ ಸಾಲದು. ನೀರು, ಸಾಬೂನು, ಕೈಗವಸು, ಲಸಿಕೆ ಇವುಗಳನ್ನು ಒದಗಿಸದೆ ಕೇವಲ ಉಪದೇಶ ಮಾಡಿದರೆ ತಪ್ಪೆಲ್ಲವೂ ಶುಶ್ರೂಷಕಿಯ ತಲೆಯ ಮೇಲೆಯೇ ಬೀಳುತ್ತದೆ. ಈ ತಾಲ್ಲೂಕುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯ ಹೆಂಗಸರನ್ನು ಕೇಳಿ, ಅವರು ಯಾರ ಆರೈಕೆ ಮಾಡಿದರು, ತಮ್ಮನ್ನು ಹೇಗೆ ಕಾಪಾಡಿಕೊಂಡರು ಎಂಬುದನ್ನು ಬರೆದಿಟ್ಟರೆ ಜಿಲ್ಲೆಯ ಇತಿಹಾಸದ ಒಂದು ದೊಡ್ಡ ಕೊರತೆ ತುಂಬುವುದು.