ಅಶ್ವತ್ಥಮ್ಮ ಅಸ್ವತ್ತಮ್ಮ ಆದದ್ದು

ನಮ್ ಗೌರಿಬಿದನೂರು ಕಡೆ ಬೀದಿಗೊಬ್ರು ಅಸ್ವತ್ತಮ್ಮ, ಅಸ್ವತ್ತಪ್ಪ ಇದ್ದೇ ಇರ್ತಾರೆ. ವಿದುರಾಶ್ವತ್ಥದಲ್ಲಿ ನಾಗರಕಲ್ಲಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ ಇಡೋ ಹೆಸರು. ಪುಸ್ತಕದಲ್ಲಿ ಅದು ಅಶ್ವತ್ಥ, ಅಂದ್ರೆ ಅರಳಿಮರ. ನಮ್ ಬಾಯಲ್ಲಿ 'ಶ' ಹೋಗಿ 'ಸ' ಬಂತು, 'ಥ' ಇಳಿದು 'ತ' ಆಯ್ತು, ಕೊನೆಗೆ ಅಮ್ಮನೋ ಅಪ್ಪನೋ ಸೇರ್ಕೊಂಡ್ರು. ಹಂಗೇ ಲಕ್ಷ್ಮಿ ಲಚ್ಚಮ್ಮ ಆದ್ಳು, ಕೃಷ್ಣ ಕಿಟ್ಟಪ್ಪ ಆದ. ಓದಿದ ಮಕ್ಕಳು ಇದನ್ನ ಕೇಳಿ ನಗ್ತಾರೆ. ನಗೋಕೆ ಮುಂಚೆ ರೋಮಿನೋರ ಕಥೆ ಕೇಳ್ಲಿ.

ರೋಮಿನೋರು ಗ್ರೀಕರ ಹೆಸರು ತಗೊಂಡಾಗ ಇದನ್ನೇ ಮಾಡಿದ್ರು. ಗ್ರೀಕಿನ ಪೆತ್ರೋಸ್ ಲ್ಯಾಟಿನ್ನಿನಲ್ಲಿ ಪೆತ್ರುಸ್ ಆದ. ಅವರ 'ಓಸ್' ತೆಗೆದು ತಮ್ಮ 'ಉಸ್' ಹಾಕಿದ್ರು, ನಾವು ಅಮ್ಮ, ಅಪ್ಪ ಹಾಕೋ ಹಾಗೆ. ಹೆರಾಕ್ಲೆಸ್ ಹೆರ್ಕುಲೆಸ್ ಆದ. ನಮ್ಮ ತಾತಂದಿರ ಸೈಕಲ್ ಮೇಲೆ ಬರೆದಿರ್ತಿತ್ತಲ್ಲ, ಅದೇ ಹೆಸರು. ಮಹಾಪ್ರಾಣ ಅವರಿಗೂ ಮೊದಲು ಹೊರಳ್ತಿರಲಿಲ್ಲ. ಫಿಲಿಪ್ಪೋಸ್ ಅಂದ್ರೆ ಕುದುರೆ ಮೇಲೆ ಪ್ರೀತಿ ಇರೋನು. ಕ್ರಿ.ಪೂ. 2ನೇ ಶತಮಾನದ ರೋಮಿನ ಬೆಳ್ಳಿ ನಾಣ್ಯದ ಮೇಲೆ ಅದು 'ಪಿಲಿಪುಸ್' ಅಂತಲೇ ಐತೆ. ಗ್ರೀಕ್ ಕಲಿತೋರು ಹೆಚ್ಚಾದ ಮೇಲೆ 'ಹ'ಕಾರ ಸೇರಿಸಿ ಫಿಲಿಪ್ಪುಸ್ ಅಂತ ಬರೆದ್ರು.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಸಿಕಂದರ್ ಅಂತ ಯಾರಾದ್ರೂ ಸಿಕ್ಕಿದ್ರೆ, ಅದೂ ಮೂಲದಲ್ಲಿ ಗ್ರೀಕ್ ಹೆಸರೇ, ಅಲೆಕ್ಸಾಂಡ್ರೋಸ್. ಅರಬ್ಬಿ ಮಾತಾಡೋರು ಮೊದಲಿನ 'ಅಲ್' ತಮ್ಮ ಭಾಷೇದು ಅಂದ್ಕೊಂಡು ಬಿಡಿಸಿಟ್ರು.

ನಮ್ಮಲ್ಲಿ 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಇಂಥ ಮಾತುಗಳಿಗೇ ಒಂದು ಪ್ರಕರಣ ಇಟ್ಟು, ಯಾವ ಅಕ್ಷರ ಯಾವುದಾಗುತ್ತೆ ಅಂತ ಸೂತ್ರ ಬರೆದ. ಗಂಗಾ ಗಂಗೆ ಆದದ್ದು, ಸೀತಾ ಸೀತೆ ಆದದ್ದು ಹಂಗೇ. ಬಾಯಿ ತಿದ್ದಿದ ಹೆಸರಿಗೂ ಒಂದು ಕ್ರಮ ಐತೆ ಕಣ್ರೇ.

ಆದ್ರೆ ಕಚೇರಿ ಈ ಕ್ರಮ ಒಪ್ಪಲ್ಲ. ನಮ್ ಅಜ್ಜಿ ಪಾಸ್‌ಬುಕ್ಕಿನಲ್ಲಿ ಲಚ್ಚಮ್ಮ, ಆಧಾರಿನಲ್ಲಿ ಲಕ್ಷ್ಮಮ್ಮ. ಇಬ್ರೂ ಒಬ್ರೇ ಅಂತ ನೋಟರಿ ಹತ್ರ ಅಫಿಡವಿಟ್ ಮಾಡಿಸಿ ಕೊಡೋವರೆಗೂ ವಿಧವಾ ವೇತನ ನಿಂತೇ ಇತ್ತು. ಎಪ್ಪತ್ತು ವರ್ಷ ಕರೆಸ್ಕೊಂಡ ಹೆಸರಿಗೆ ಅಜ್ಜಿಯೇ ಸಾಕ್ಷಿ ಹೇಳ್ಬೇಕಾಯ್ತು.

ಅದಕ್ಕೇ ಹೇಳೋದು, ಮನೇಲಿರೋ ಹಿರಿಯರ ಕಾಗದ ಎಲ್ಲಾ ಒಂದ್ಸಲ ತೆಗೆದು ಹೆಸರು ಒಂದೇ ಥರ ಐತಾ ನೋಡಿ, ಬೇರೆ ಇದ್ರೆ ಈಗಲೇ ಸರಿ ಮಾಡಿಸಿ. ಕಾಗದದಲ್ಲಿ ಲಕ್ಷ್ಮಮ್ಮ ಅಂತಲೇ ಇರ್ಲಿ. ಕರೆಯೋವಾಗ ಮಾತ್ರ ಲಚ್ಚಮ್ಮ ಅಂತಲೇ ಕರೀರಿ, ಆಕೆ ತಿರುಗಿ ನೋಡೋದು ಆ ಹೆಸರಿಗೆ.