ಒಲೆಯಿಂದ ಕಟ್ಟೆಗೆ

ಮಂಡ್ಯದಲ್ಲಿ ನಾವು ಕಟ್ಟಿಸಬೇಕೆಂದಿರುವ ಮನೆಯ ನಕ್ಷೆ ಕಳೆದ ತಿಂಗಳು ಕೈ ಸೇರಿತು. ಮೂವತ್ತಡಿ ಅಗಲ, ನಲವತ್ತಡಿ ಉದ್ದದ ನಿವೇಶನ. ಅದರೊಳಗೆ ಒಂದು ಸಂಸಾರದ ಆಸೆಗಳನ್ನೆಲ್ಲ ಚೌಕ ಚೌಕವಾಗಿ ಹೊಂದಿಸಿಟ್ಟಿದ್ದರು ಎಂಜಿನಿಯರು. ಆಗ್ನೇಯದಲ್ಲಿ, ಮೂಡಣಕ್ಕೆ ಎರಡು ಕಿಟಕಿಗಳಿರುವ ೧೨ ಅಡಿಗೆ ೧೦ ಅಡಿಯ ಕೋಣೆ ನನ್ನ ಓದಿಗೆ. ಅದು ನಾನೇ ಕೇಳಿ ಬರೆಸಿಕೊಂಡದ್ದು. ವಾಯವ್ಯದ ಮೂಲೆಯಲ್ಲಿ, ಮೆಟ್ಟಿಲಿಗೆ ಒತ್ತಿಕೊಂಡು, ೮ ಅಡಿಗೆ ೭ ಅಡಿಯ ಒಂದು ಚೌಕವಿತ್ತು. ಅದು ಅಡುಗೆಮನೆ. ಅದನ್ನು ಯಾರೂ ಕೇಳಿ ಬರೆಸಿರಲಿಲ್ಲ. ಎಲ್ಲರ ಪಾಲು ಮುಗಿದ ಮೇಲೆ ಉಳಿದ ಜಾಗವೇ ಅದರ ಪಾಲಿಗೆ ಬಂದಿತ್ತು.

ಮಳವಳ್ಳಿ ಕಡೆಯ ಹಳ್ಳಿಯಿಂದ ಬಂದಿದ್ದ ನನ್ನ ತಾಯಿಗೆ ನಕ್ಷೆಯನ್ನು ಹರಡಿ ತೋರಿಸಿದೆ. ಆಕೆಗೆ ಗೆರೆಗಳ ಭಾಷೆ ತಿಳಿಯದು. “ಅಡ್ಗೆಮನೆ ಎಲ್ಲಪ್ಪ ಮಡಗಿದ್ದೀಯೆ?” ಎಂದಳು. ಬೆರಳಿಟ್ಟು ತೋರಿಸಿದೆ. ಅಲ್ಲಿ ಸುತ್ತಲೂ ಕಟ್ಟೆ ಬರುವುದೆಂದೂ, ನಿಂತೇ ಎಲ್ಲ ಕೆಲಸ ಮಾಡಬಹುದೆಂದೂ ಹೆಮ್ಮೆಯಿಂದ ವಿವರಿಸಿದೆ. ಸ್ವಲ್ಪ ಹೊತ್ತು ನೋಡಿ, “ಹಿಟ್ಟು ತೊಳಸೋದು ಎಲ್ಲಿ ಕುಂತ್ಕಂಡು?” ಎಂದು ಕೇಳಿದಳು.

ನಮ್ಮ ಕಡೆ ಹಿಟ್ಟೆಂದರೆ ರಾಗಿಮುದ್ದೆ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ತನ್ನ ಮನೆಯ ಮುದ್ದೆ ಯಾವ ಎತ್ತರದಲ್ಲಿ ಆಗುತ್ತದೆಂಬುದು ತಿಳಿಯದೆ ಹೋದದ್ದು ನಾಚಿಕೆಯ ಸಂಗತಿಯೇ ಸರಿ. ಗೊತ್ತಿಲ್ಲದ್ದನ್ನು ಪುಸ್ತಕದಲ್ಲಿ ಹುಡುಕುವುದು ಮೇಷ್ಟರ ಜಾತಿಯ ಗುಣ. ನಾನೂ ಹಾಗೆಯೇ ಹೊರಟೆ.

ಮೊದಲು ಪದವನ್ನೇ ನೋಡೋಣ. ‘ಅಡು’ ಎಂದರೆ ಬೇಯಿಸು ಎಂಬುದು ಹಳಗನ್ನಡ ಬಲ್ಲವರಿಗೆ ಪರಿಚಿತ. ಅದರಿಂದ ಅಡುಗೆ. ಆದರೆ ಅಡುಗೆ ಮಾಡುವ ಸ್ಥಳವನ್ನು ಕನ್ನಡ ಕೋಣೆಯೆಂದು ಕರೆದು ಸುಮ್ಮನಾಗಲಿಲ್ಲ, ಮನೆಯೆಂದೇ ಕರೆಯಿತು. ದೇವರಮನೆ, ನಡುಮನೆ, ಬಚ್ಚಲುಮನೆ, ಅಡುಗೆಮನೆ: ನಮ್ಮ ಹಿರಿಯರ ದೃಷ್ಟಿಯಲ್ಲಿ ಒಂದು ಮನೆಯೆಂದರೆ ಹಲವು ಮನೆಗಳು ಸೇರಿ ಆದದ್ದು. ನಕ್ಷೆಯ ಮೇಲೆ ‘ಕಿಚನ್’ ಎಂದು ಬರೆದಾಗ ಆ ಗೌರವ ಸದ್ದಿಲ್ಲದೆ ಜಾರಿಹೋಗುತ್ತದೆ.

ನಮ್ಮ ಪ್ರಾಚೀನರು ಅಡುಗೆಯನ್ನು ಹಗುರವಾಗಿ ಕಂಡವರಲ್ಲ. ಸುಮಾರು ೧೦೨೫ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಮನೆ ಕಟ್ಟುವ ವಾಸ್ತುವೂ ಉಂಟು, ಅಡುಗೆಯ ಸೂಪಶಾಸ್ತ್ರವೂ ಉಂಟು. ೧೬ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನೇ ಒಂದು ಪ್ರತ್ಯೇಕ ಕಾವ್ಯವಾಗಿ ಬರೆದ. ಆದರೆ ಈ ಗ್ರಂಥಗಳ ಕಣ್ಣಿರುವುದು ತಿನಿಸಿನ ಮೇಲೆ, ಪರಿಮಳದ ಮೇಲೆ, ಉಣ್ಣುವವನ ತೃಪ್ತಿಯ ಮೇಲೆ. ನನ್ನ ತಾಯಿಯ ಪ್ರಶ್ನೆ ಉಣ್ಣುವವನದಲ್ಲ, ಮಾಡುವವಳದು. ಅದಕ್ಕೆ ಉತ್ತರ ಬೇಕಾದರೆ ಗ್ರಂಥಭಂಡಾರದಿಂದ ಎದ್ದು ಹಳ್ಳಿಯ ಒಲೆಯ ಬಳಿಗೇ ಹೋಗಬೇಕು.

ನಮ್ಮ ಹಳ್ಳಿಯ ಮನೆ ನಾಡಹೆಂಚಿನದು. ತಲೆ ಬಾಗಿಸಿ ದಾಟಬೇಕಾದ ಬಾಗಿಲಿನಾಚೆ ಅಡುಗೆಮನೆ. ನೆಲಕ್ಕೆ ಅಂಟಿಕೊಂಡ ಮಣ್ಣಿನ ಒಲೆ, ಅದರ ಪಕ್ಕಕ್ಕೊಂದು ಕೋಡೊಲೆ. ಮುಂದಿನ ಒಲೆಯಲ್ಲಿ ಹಿಟ್ಟಿನ ಮಡಕೆ, ಕೋಡೊಲೆಯಲ್ಲಿ ಹಾಯ್ದು ಬಂದ ಉರಿಗೆ ಸಾರು. ಎಡಗೈಗೆ ಸೌದೆ, ಬಲಗೈಗೆ ನೀರಿನ ಹಂಡೆ. ನೆಲದಲ್ಲಿ ಹುಗಿದ ಒರಳು, ಗೋಡೆಯ ಮಗ್ಗುಲಲ್ಲಿ ಬೀಸುವ ಕಲ್ಲು, ಮೂಲೆಯಲ್ಲಿ ರಾಗಿಯ ವಾಡೆ, ತಲೆಯ ಮೇಲೆ ನೆಲುವು. ಹೊಗೆ ಹೋಗಲು ಗವಾಕ್ಷಿ. ಮಣೆಯ ಮೇಲೆ ಕುಳಿತ ಹೆಂಗಸಿನ ಕೈಗೆ ಎಲ್ಲವೂ ಎಟುಕುತ್ತಿತ್ತು. ಕಾಗದದ ಮೇಲೆ ಬರೆಯದಿದ್ದರೂ ಅದು ಒಂದು ನಕ್ಷೆಯೇ. ಕುಳಿತವಳ ತೋಳಿನ ಉದ್ದವೇ ಅದರ ಅಳತೆಗೋಲು.

ಆ ನಕ್ಷೆಯನ್ನು ಬರೆಯಿಸಿದ್ದು ರಾಗಿ. ಮುದ್ದೆಗೆ ಹಿಟ್ಟು ಬೆಂದರೆ ಸಾಲದು. ಮಡಕೆ ಅಲುಗದಂತೆ ಕವೆಗೋಲಿನಿಂದ ಒತ್ತಿಹಿಡಿದು, ಕೋಲಿನಿಂದ ಮೈಯ ಭಾರವನ್ನೆಲ್ಲ ಬಿಟ್ಟು ತೊಳಸಬೇಕು. ಬಲ ಮೇಲಿನಿಂದ ಕೆಳಕ್ಕೆ ಇಳಿಯಬೇಕಾದ ಕೆಲಸವದು. ಮಡಕೆ ಮೊಣಕಾಲಿನ ಮಟ್ಟಕ್ಕಿಂತ ಕೆಳಗಿದ್ದರೇ ಅನುಕೂಲ. ಅನ್ನದ ಸ್ವಭಾವ ಬೇರೆ. ಅಕ್ಕಿಯನ್ನು ಎಸರಿಗೆ ಹಾಕಿದರೆ ಅದು ತಾನಾಗಿ ಬೇಯುತ್ತದೆ. ಯಾವ ಎತ್ತರದಲ್ಲಿಟ್ಟರೂ ಅದಕ್ಕೆ ಒಂದೇ. ಕನಕದಾಸರು ‘ರಾಮಧಾನ್ಯಚರಿತ್ರೆ’ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ, ಆರು ತಿಂಗಳ ಸೆರೆವಾಸದಲ್ಲಿ ಕೆಡದೆ ಉಳಿದ ರಾಗಿಗೆ ಗೆಲುವು ಕೊಟ್ಟರು. ಕೆಡದೆ ಉಳಿಯುವ ಆ ಗುಣವನ್ನು ನಂಬಿಯೇ ನಮ್ಮವರು ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು.

ಅದೇ ಜಗಳ ಮಂಡ್ಯದ ನೆಲದ ಮೇಲೆ ಇನ್ನೊಮ್ಮೆ ನಡೆಯಿತೆನ್ನಬಹುದು. ೧೯೧೧ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಯಿತು. ೧೯೩೦ರ ದಶಕದಲ್ಲಿ ಇರ್ವಿನ್ ನಾಲೆಯ, ಅಂದರೆ ಮುಂದೆ ವಿಶ್ವೇಶ್ವರಯ್ಯ ನಾಲೆಯೆನಿಸಿದ ಕಾಲುವೆಯ, ನೀರು ಈ ಸೀಮೆಗೆ ಹರಿಯಿತು. ಸಕ್ಕರೆ ಕಾರ್ಖಾನೆ ಬಂತು. ೧೯೩೯ರಲ್ಲಿ ಮಂಡ್ಯ ತಾನೇ ಒಂದು ಜಿಲ್ಲೆಯಾಯಿತು. ರಾಗಿಯ ಹೊಲಗಳು ಎಷ್ಟೋ ಕಡೆ ಭತ್ತದ, ಕಬ್ಬಿನ ಗದ್ದೆಗಳಾದುವು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ದಿನದ ಊಟದೊಳಕ್ಕೆ ಬಂತು. ಆದರೆ ಮುದ್ದೆಯನ್ನು ಓಡಿಸಲಿಲ್ಲ. ಎರಡೂ ಒಂದೇ ತಟ್ಟೆಯಲ್ಲಿ ರಾಜಿಯಾದುವು. ತಟ್ಟೆಯಲ್ಲಾದ ಆ ರಾಜಿ ಅಡುಗೆಮನೆಯಲ್ಲಿ ಇನ್ನೂ ಆಗಿಲ್ಲವೆಂಬುದು ನಮ್ಮ ನಕ್ಷೆಯನ್ನು ನೋಡಿದ ಮೇಲೆ ನನಗೆ ಹೊಳೆದ ಮಾತು.

ಹಳೆಯ ಒಲೆಯನ್ನು ಹೊಗಳುತ್ತ ಕೂಡುವುದು ನನ್ನ ಉದ್ದೇಶವಲ್ಲ. ಅದರ ಹೊಗೆ ಅಟ್ಟದ ಬಿದಿರಿಗೆ ಹುಳು ಹತ್ತದಂತೆ ಕಾಯುತ್ತಿತ್ತು, ನಿಜ. ಒಲೆಯ ಮುಂದೆ ಕೂತವಳ ಎದೆಯನ್ನು ಮಾತ್ರ ಕಾಯಲಿಲ್ಲ. ಊದುಗೊಳವೆ ಹಿಡಿದು ಹಸಿ ಸೌದೆಗೆ ಉಸಿರು ಕೊಟ್ಟು ಕೊಟ್ಟು ನನ್ನ ಅಜ್ಜಿಯ ಕಣ್ಣು ಮಂಜಾಯಿತು. ನನ್ನ ತಾಯಿಯ ಕೆಮ್ಮು ಈಗಲೂ ಮುಂಜಾವಿನಲ್ಲಿ ಅವಳಿಗಿಂತ ಮೊದಲೇ ಏಳುತ್ತದೆ.

ಇದರಲ್ಲಿ ವಿಚಿತ್ರವಾದ ಒಂದು ಸಂಗತಿಯುಂಟು. ನಮ್ಮ ಮಳವಳ್ಳಿ ತಾಲ್ಲೂಕಿನಲ್ಲೇ ಇರುವ ಶಿವನಸಮುದ್ರದಲ್ಲಿ ೧೯೦೨ರಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ಹುಟ್ಟಿಸಲಾಯಿತು. ಅದು ಸುಮಾರು ೯೨ ಮೈಲಿ ಹಾದು ಕೋಲಾರದ ಚಿನ್ನದ ಗಣಿಗೆ ಹೋಯಿತು; ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ೧೯೪೦ರಲ್ಲಿ ಅದೇ ತಾಲ್ಲೂಕಿನ ಶಿಂಷಾದಲ್ಲಿ ಮತ್ತೊಂದು ವಿದ್ಯುದಾಗಾರ ಎದ್ದಿತು. ಈ ಬೆಳಕಿನ ತವರಿನಲ್ಲಿ ಹುಟ್ಟಿ ಬೆಳೆದ ನನ್ನ ಅಜ್ಜಿ ತನ್ನ ಅಡುಗೆಯ ಬದುಕನ್ನೆಲ್ಲ ಬುಡ್ಡಿದೀಪದಲ್ಲಿ ಕಳೆದಳು. ವಿದ್ಯುತ್ತು ಗಣಿಗೆ ಹೋಯಿತು, ಅರಮನೆಗೆ ಹೋಯಿತು, ಕಾರ್ಖಾನೆಗೆ ಹೋಯಿತು. ಅಡುಗೆಮನೆಯ ಸರದಿ ಬಂದದ್ದು ಎಲ್ಲಕ್ಕಿಂತ ಕೊನೆಗೆ. ನಕ್ಷೆಯಲ್ಲಿ ಕೊನೆಯ ಮೂಲೆ, ಚರಿತ್ರೆಯಲ್ಲಿ ಕೊನೆಯ ಸರದಿ!

ಅಡುಗೆಮನೆಗೆ ಯಂತ್ರದ ಮೊದಲ ಉಪಕಾರವಾದದ್ದು ಅಡುಗೆಮನೆಯ ಹೊರಗೆ; ಊರಿಗೆ ಬಂದ ಹಿಟ್ಟಿನ ಗಿರಣಿಯಿಂದ. ಬೆಳಗಿನ ಜಾವ ಕಲ್ಲಿನ ಮುಂದೆ ಕೂತು ರಾಗಿ ಬೀಸುವ ದುಡಿಮೆ ತಪ್ಪಿತು. ಅದರ ಜೊತೆಗೆ ಬೀಸುವ ಪದಗಳೂ ಹಿಂದೆ ಸರಿದುವು. ಹಲಸಂಗಿಯ ಗೆಳೆಯರು ಉತ್ತರದ ಸೀಮೆಯ ಅಂಥ ಹಾಡುಗಳನ್ನು ಕಲೆಹಾಕಿ ೧೯೩೧ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದ್ದರಿಂದ ನಮ್ಮಂಥವರಿಗೆ ಪಾಠ ಹೇಳಲು ಪದ್ಯಗಳು ಉಳಿದುವು. ಹಾಡು ಹೋಯಿತೆಂದು ನಾವು ತರಗತಿಯಲ್ಲಿ ಮರುಗುತ್ತೇವೆ. ಕಲ್ಲು ಹೋಯಿತೆಂದು ಮರುಗಿದ ಹೆಂಗಸನ್ನು ಮಾತ್ರ ನಾನು ಕಂಡಿಲ್ಲ.

ಇನ್ನು ಮದ್ದೂರಿಗೆ ಬರೋಣ. ಅದು ನನ್ನ ಹೆಂಡತಿಯ ತವರು. ಹಳ್ಳಿಯ ಒಲೆಗೂ ಪಟ್ಟಣದ ಕಟ್ಟೆಗೂ ಇರುವ ಅಂತರ ನನಗೆ ತಿಳಿದದ್ದು ಅಲ್ಲಿ. ಸೀಮೆಎಣ್ಣೆಯ ಸ್ಟೌ ಬಂದ ಮೇಲೆ ಬೆಂಕಿಗೆ ನೆಲದ ಹಂಗು ತಪ್ಪಿತು. ಎಲ್ಲಿ ಬೇಕಾದರೂ ಎತ್ತಿ ಇಡಬಹುದಾಯಿತು. ಕಡಪದ ಕಲ್ಲಿನ ಕಟ್ಟೆ ಬಂತು; ಅದರೊಂದಿಗೆ ಅಡುಗೆಯವಳು ಎದ್ದು ನಿಂತಳು. ಸಣ್ಣ ಮಾತಲ್ಲ ಇದು. ಕುಕ್ಕರುಗಾಲಿನಲ್ಲಿ ಕೂತು ಏಳುವ ಕಷ್ಟ ತಪ್ಪಿತು, ಬೂದಿ ಬಳಿಯುವ ಕೆಲಸ ತಪ್ಪಿತು, ಕಿಟಕಿಯಾಚೆಯ ಬೀದಿ ಕಣ್ಣಿಗೆ ಬಿತ್ತು.

ನಿಂತು ದುಡಿಯುವ ಅಡುಗೆಮನೆಯನ್ನು ಲೆಕ್ಕಾಚಾರದ ವಿದ್ಯೆಯಾಗಿ ಮಾಡಿದವರಲ್ಲಿ ಆಸ್ಟ್ರಿಯದ ಮಾರ್ಗರೆಟ್ ಶುಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳೆ ಪ್ರಸಿದ್ಧಳು. ೧೯೨೬ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಬಡಾವಣೆಗಳಿಗಾಗಿ ಆಕೆ ಸುಮಾರು ಆರೂಕಾಲು ಅಡಿ ಅಗಲ, ಹನ್ನೊಂದಡಿ ಉದ್ದದ ಅಡುಗೆಮನೆಯನ್ನು ರಚಿಸಿದಳು. ರೈಲಿನ ಊಟದ ಗಾಡಿಯಲ್ಲಿದ್ದ ಇಕ್ಕಟ್ಟಿನ ಅಡುಗೆಮನೆ ಅದಕ್ಕೆ ಒಂದು ಮಾದರಿ. ಹೆಂಗಸು ಎಷ್ಟು ಹೆಜ್ಜೆ ನಡೆಯುತ್ತಾಳೆ, ಎಲ್ಲಿ ಕೈ ಚಾಚುತ್ತಾಳೆ ಎಂದು ಅಳೆದು ಕಟ್ಟಿದ ಈ ಅಡುಗೆಮನೆ ಸುಮಾರು ಹತ್ತು ಸಾವಿರ ಮನೆಗಳಲ್ಲಿ ಬಂತು. ಮಾಡುವವಳ ಮೈಯನ್ನು ಅಳತೆಗೆ ತೆಗೆದುಕೊಂಡದ್ದು ಆಕೆಯ ದೊಡ್ಡತನ. ಆದರೆ ಆ ಅಳತೆ ಫ್ರಾಂಕ್‌ಫರ್ಟಿನ ಊಟಕ್ಕೆ ಸಂದದ್ದು; ಅಲ್ಲಿ ಯಾರೂ ಮುದ್ದೆ ತೊಳಸುವವರಿರಲಿಲ್ಲ. ನಾವು ಆಕೆಯಿಂದ ಕಲಿಯಬೇಕಾದದ್ದು ಅಳೆಯುವುದನ್ನು, ತಂದುಕೊಂಡದ್ದು ಅಳತೆಯನ್ನು.

ನಮ್ಮ ಊಟಕ್ಕೆ ತಕ್ಕ ಅಳತೆಯನ್ನು ತೆಗೆದವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದವರು ೧೯೮೦ರ ದಶಕದಲ್ಲಿ ಮೂರು ಪಾತ್ರೆಗಳ, ಹೊಗೆಕೊಳವೆಯ ಒಲೆಯೊಂದನ್ನು ಹಳ್ಳಿಗಳಿಗೆ ಕೊಟ್ಟರು. ಅಂಥ ಒಲೆ ನಮ್ಮ ಮನೆಗೂ ಬಂತು. ಸೌದೆ ಉಳಿಯಿತು, ಹೊಗೆ ಸೂರಿನಾಚೆಗೆ ಹೋಯಿತು. ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕಾಗಿತ್ತು. ಅದು ಗಂಡಸರು ಏಣಿ ಹತ್ತಿ ಮಾಡಬೇಕಾದ ಕೆಲಸ, ನಾವು ಮಾಡಲಿಲ್ಲ. ಹೊಗೆ ಮರಳಿ ಒಳಕ್ಕೆ ಬಂತು. ತಾಯಿ ಏನೂ ಅನ್ನಲಿಲ್ಲ.

ಈಗ ಅನಿಲದ ಕಾಲ. ೧೯೬೫ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಇಂಡೇನ್ ನಗರಗಳನ್ನು ಸುತ್ತಿ ನಮ್ಮ ಹಳ್ಳಿಗೆ ಬರುವ ವೇಳೆಗೆ ಹಲವು ದಶಕಗಳಾದುವು; ಬಡವರ ಮನೆಗಳಿಗಾಗಿ ಉಜ್ವಲ ಯೋಜನೆ ಬಂದದ್ದು ೨೦೧೬ರಲ್ಲಿ. ಅನಿಲವು ಹೊಗೆಯ ಶತ್ರುವಾದರೂ ಅದರ ಸ್ವಭಾವ ಹೊಗೆಗೆ ತದ್ವಿರುದ್ಧ. ಹೊಗೆ ಮೇಲೇರುತ್ತದೆ, ಸೋರಿದ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಕ್ಕಿಳಿದು ನಿಲ್ಲುತ್ತದೆ. ಹಳೆಯ ಮನೆಗೆ ಸೂರಿನಲ್ಲಿ ಗವಾಕ್ಷಿ ಬೇಕಾಗಿತ್ತು. ಹೊಸ ಮನೆಗೆ ನೆಲದ ಮಟ್ಟದಲ್ಲೂ ಒಂದು ಗಾಳಿಕಿಂಡಿ ಬೇಕು. ಒಲೆಯು ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಆದ್ದರಿಂದ ತಾಯಿಗಾಗಿ ಗ್ಯಾಸಿನ ಒಲೆಯನ್ನೇ ನೆಲಕ್ಕಿಳಿಸೋಣವೆಂಬ ನನ್ನ ಮೊದಲ ಜಾಣತನ ನಡೆಯಲಿಲ್ಲ.

ಕೊನೆಗೆ ದಾರಿ ತೋರಿಸಿದವಳು ನನ್ನ ಹೆಂಡತಿ. ಒಂದು ಭಾನುವಾರ ಅತ್ತೆ ಸೊಸೆ ಇಬ್ಬರೂ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಟೇಪು ಹಿಡಿದು ನಿಂತರು. ಬರೆದುಕೊಳ್ಳುವ ಕೆಲಸ ನನ್ನದು. ಹೆಂಡತಿಯ ಮೊಣಕೈಯಿಂದ ನಾಲ್ಕೈದು ಅಂಗುಲ ಕೆಳಕ್ಕೆ ಅಳೆದಾಗ ಕಟ್ಟೆಯ ಎತ್ತರ ೩೨ ಅಂಗುಲವಾಯಿತು, ನಕ್ಷೆಯಲ್ಲಿದ್ದುದು ೩೪. ಒಲೆಯ ಪಕ್ಕದಲ್ಲಿ, ೧೫ ಅಂಗುಲ ಎತ್ತರಕ್ಕೆ, ಎರಡಡಿ ಚೌಕದ ಗಟ್ಟಿ ಕಲ್ಲಿನ ಒಂದು ತಗ್ಗುಕಟ್ಟೆ. ಬೆಂದ ಹಿಟ್ಟನ್ನು ಇಳಿಸಿ, ಸಿಂಬೆಯ ಮೇಲಿಟ್ಟು, ಮಣೆಯ ಮೇಲೆ ಕೂತೋ ಬಾಗಿ ನಿಂತೋ ತೊಳಸುವುದು ಅಲ್ಲಿ. ಭಾರದ ಗ್ರೈಂಡರು ಅದರ ಮಗ್ಗುಲಲ್ಲಿ, ಎತ್ತಿ ಇಳಿಸುವ ಗೋಜಿಲ್ಲದಂತೆ. ಮಿಕ್ಸಿಗೆ, ಗ್ರೈಂಡರಿಗೆ, ಫ್ರಿಜ್ಜಿಗೆ ಬೇರೆ ಬೇರೆ ಪ್ಲಗ್ಗುಗಳು, ನೀರಿನ ತೊಟ್ಟಿಯಿಂದ ದೂರಕ್ಕೆ. ಸಿಲಿಂಡರು ಗೋಡೆಯಾಚೆ.

ಇಷ್ಟೆಲ್ಲ ೮ ಅಡಿಗೆ ೭ ಅಡಿಯಲ್ಲಿ ಹಿಡಿಸುವುದಿಲ್ಲವೆಂದು ಬರೆದುಕೊಳ್ಳುತ್ತಿದ್ದ ನನಗೇ ಮೊದಲು ಗೊತ್ತಾಯಿತು. ಯಾರೂ ಏನೂ ಕೇಳಲಿಲ್ಲ. ಕೇಳದೆ ಇರುವುದು ಆ ಇಬ್ಬರಿಗೂ ಅಭ್ಯಾಸವಾಗಿತ್ತು. ಮರುದಿನ ಎಂಜಿನಿಯರ ಬಳಿಗೆ ಹೋಗಿ, ಓದುವ ಕೋಣೆಯನ್ನೂ ಅಡುಗೆಮನೆಯನ್ನೂ ಅದಲುಬದಲು ಮಾಡಿಸಿದೆ. “ವಾಸ್ತುವಿಗಾಗಿಯೇ ಸಾರ್?” ಎಂದರು ಅವರು, ಆಗ್ನೇಯ ಸಿಕ್ಕಿತಲ್ಲವೆ! ಹೌದೆಂದೆ. ನಿಜವಾದ ಕಾರಣವನ್ನು ಹೇಳಲು ಬಾಯಿ ಬರಲಿಲ್ಲ. ಮೂಡಣದ ಎರಡು ಕಿಟಕಿಗಳು ಈಗ ಅಡುಗೆಮನೆಯವು. ಪುಸ್ತಕಗಳು ಮೆಟ್ಟಿಲಿನ ಪಕ್ಕಕ್ಕೆ ಹೋಗಿವೆ. ಅವುಗಳಿಗೆ ಬೆನ್ನು ನೋಯುವುದಿಲ್ಲ.

ಹಳ್ಳಿಯಲ್ಲಿ ಉಳಿದಿರುವ ಅಜ್ಜಿಯ ಬೀಸುವ ಕಲ್ಲನ್ನು ತಂದು ಹೊಸ ಮನೆಯ ಜಗಲಿಯಲ್ಲಿ ಇಟ್ಟರೆ ಚೆನ್ನಾಗಿರುತ್ತದೆಂದು ಮೊನ್ನೆ ತಾಯಿಗೆ ಹೇಳಿದೆ. ಆಕೆ ಹೊಸ ನಕ್ಷೆಯ ಮೇಲೆ ಕಿಟಕಿಗಳನ್ನು ಹುಡುಕುತ್ತಿದ್ದಳು. “ಅದ ಯಾಕಪ್ಪ? ಅಲ್ಲೇ ಇರ್ಲಿ ಬುಡು” ಎಂದಳು. ಆಮೇಲೆ, “ಇವು ಮೂಡ್ಲ ದಿಕ್ಕಿನ ಕಿಟ್ಕಿಗಳು ತಾನೆ?” ಎಂದು ಕೇಳಿದಳು.