ಬೇಸ್ ಗಿಟಾರಿನ ನೇರ ಮುದ್ರಣ: ಲಂಡನ್ನಿಗೆ ಸಂದ ಪ್ರಾಥಮ್ಯದ ಮರುವಿಚಾರ

ಎಲೆಕ್ಟ್ರಿಕ್ ಬೇಸ್ ಗಿಟಾರನ್ನು ಮೈಕಿನ ಹಂಗಿಲ್ಲದೆ ನೇರವಾಗಿ ಕನ್ಸೋಲಿಗೆ ಜೋಡಿಸಿ ಮುದ್ರಿಸುವ ಡಿಐ ಪದ್ಧತಿ ಹುಟ್ಟಿದ್ದು ಲಂಡನ್ನಿನ ಇಎಂಐ ಸ್ಟುಡಿಯೊದಲ್ಲಿ, 1967ರ ಫೆಬ್ರುವರಿಯಲ್ಲಿ, ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್’ ಶೀರ್ಷಿಕೆಗೀತೆಗಾಗಿ ಎಂಬ ಮಾತು ಬರಹದಿಂದ ಬರಹಕ್ಕೆ ದಾಟುತ್ತಲೇ ಇದೆ. ಇದರ ಮೂಲ ಮಾರ್ಕ್ ಲೂಯಿಸನ್ ಅವರ 1988ರ ಗ್ರಂಥ. ಬೀಟಲ್ಸ್ ಧ್ವನಿಮುದ್ರಣಗಳನ್ನು ದಿನವಾರು ದಾಖಲಿಸಿದ ಆ ಗ್ರಂಥಕ್ಕೆ ನಾವೆಲ್ಲ ಋಣಿಗಳು. ದೋಷವಿರುವುದು ಅದನ್ನು ಓದಿದ ರೀತಿಯಲ್ಲಿ.

ಅಲ್ಲಿರುವ ಆಧಾರ ಇಎಂಐ ತಂತ್ರಜ್ಞ ಕೆನ್ ಟೌನ್‌ಸೆಂಡ್ ಅವರ ಸಾಕ್ಷ್ಯ. ಅವರ ಹೇಳಿಕೆಯಲ್ಲಿ ಎರಡು ಸಂಗತಿಗಳಿವೆ. ತಾವೇ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗಳನ್ನು ತಯಾರಿಸಿ ಗಿಟಾರುಗಳನ್ನು ನೇರವಾಗಿ ಜೋಡಿಸಿದ್ದು ಕಣ್ಣಾರೆ ಕಂಡದ್ದು. ಜಗತ್ತಿನಲ್ಲೇ ಇದು ಮೊದಲಿರಬೇಕು ಎಂಬುದು ಊಹೆ. ಊಹೆಯೆಂದೇ ಅವರು ಹೇಳಿದ್ದನ್ನು ನಂತರದವರು ನಿರ್ಣಯವಾಗಿಸಿದರು. ಆ ಆಲ್ಬಮ್ಮಿನ ಎಂಜಿನಿಯರ್ ಜೆಫ್ ಎಮೆರಿಕ್ ಅವರ ನೆನಪಂತೂ ಬೇರೆಯೇ: ಆಂಪ್ಲಿಫೈಯರನ್ನು ಸ್ಟುಡಿಯೊದ ನಡುವೆ ಇಟ್ಟು, ಮೈಕನ್ನು ದೂರದಲ್ಲಿ ನಿಲ್ಲಿಸಿ ಬೇಸ್ ಮುದ್ರಿಸಿದ್ದಾಗಿ ಅವರು ಹೇಳಿದ್ದಾರೆ. (ಈ ಎರಡು ಸಾಕ್ಷ್ಯಗಳನ್ನು ಎದುರುಬದುರು ಇಡದೆಯೇ ತೀರ್ಪು ಕೊಡುವವರ ಧೈರ್ಯವನ್ನು ನಾನು ಒಪ್ಪಲಾರೆ.)

ಇನ್ನು ಡೆಟ್ರಾಯಿಟ್. ಮೋಟೌನ್ ಕಂಪನಿಯ ಸ್ಟುಡಿಯೊ ‘ಎ’ಯಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ಮತ್ತು ಗಿಟಾರ್ ವಾದಕರು 1960ರ ದಶಕದ ಮೊದಲರ್ಧದಲ್ಲೇ ವಾದ್ಯಗಳನ್ನು ಎಲ್ಲರಿಗೂ ಸೇರಿದ ಒಂದೇ ಪೆಟ್ಟಿಗೆಗೆ ಜೋಡಿಸುತ್ತಿದ್ದರು; ನಾದ ಕನ್ಸೋಲಿಗೆ ನೇರ ಹೋಗುತ್ತಿತ್ತು, ವಾದಕರಿಗೆ ಕೋಣೆಯ ಸ್ಪೀಕರಿನಲ್ಲಿ ಕೇಳುತ್ತಿತ್ತು. ಆ ವ್ಯವಸ್ಥೆಯ ಹಿಂದಿದ್ದವರು ಎಂಜಿನಿಯರ್ ಮೈಕ್ ಮೆಕ್‌ಲೀನ್. ಹೀಗೆ ಮಾಡಲು ಬಲವಾದ ಕಾರಣವಿತ್ತು. ಬೇಸಿನ ಬಿಡಿತಂತಿ ‘ಇ’ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ; ಗಾಳಿಯಲ್ಲಿ ಆ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಮನೆಯೊಂದರ ಭಾಗವಾಗಿದ್ದ ಆ ಚಿಕ್ಕ ಸ್ಟುಡಿಯೊದಲ್ಲಿ ಎಲ್ಲರೂ ಒಟ್ಟಿಗೆ ನುಡಿಸುವಾಗ ಬೇಸ್ ಆಂಪ್ಲಿಫೈಯರನ್ನು ಜೋರಾಗಿ ಇಟ್ಟರೆ ಕೆಲವು ಸ್ವರಗಳು ಉಬ್ಬುತ್ತವೆ, ಕೆಲವು ಅಡಗುತ್ತವೆ, ಉಳಿದದ್ದು ಡ್ರಮ್ಮಿನ ಮೈಕಿಗೆ ನುಗ್ಗುತ್ತದೆ. ವಿಶಾಲವಾದ ಇಎಂಐ ಎರಡನೇ ಸ್ಟುಡಿಯೊಗೆ ಈ ಒತ್ತಡ ಅಷ್ಟಾಗಿ ಇರಲಿಲ್ಲ.

ಪ್ರತಿವಾದಿಗಳ ಆಕ್ಷೇಪ ಕಿವಿಯನ್ನು ನಂಬಿದ್ದು: ಜೇಮರ್‌ಸನ್ ನಾದ ದುಂಡಗೆ, ಬೆಚ್ಚಗೆ ಇದೆ, ಡಿಐ ನಾದ ಚೂಪಾಗಿರುತ್ತದೆ, ಆದ್ದರಿಂದ ಅದು ಆಂಪ್ಲಿಫೈಯರಿನದೇ. ಈ ತರ್ಕ ನಿಲ್ಲದು. ಆ ದುಂಡುತನ ಬಂದದ್ದು ಫೆಂಡರ್ ಪ್ರಿಸಿಷನ್ ಬೇಸಿಗೆ ಹಾಕಿದ್ದ ನುಣುಪು ಸುತ್ತಿನ ಹಳೆಯ ತಂತಿಗಳಿಂದ, ಅವುಗಳ ಅನುರಣನ ತಗ್ಗಿಸುವ ಫೋಮ್ ತುಂಡಿನಿಂದ, ಒಂದೇ ತೋರುಬೆರಳಿನ ಮೀಟಿನಿಂದ. ಇದಕ್ಕೆ ವಿರುದ್ಧವಾಗಿ, ಬೀಟಲ್ಸ್‌ನ 1966ರ ‘ಪೇಪರ್‌ಬ್ಯಾಕ್ ರೈಟರ್’ನಲ್ಲಿ ಎದ್ದು ಕೇಳುವ ಬೇಸ್ ಡಿಐನದಲ್ಲ, ದೊಡ್ಡ ಸ್ಪೀಕರೊಂದನ್ನೇ ಮೈಕಾಗಿ ಬಳಸಿ ಆಂಪ್ಲಿಫೈಯರಿನ ಮುಂದಿಟ್ಟು ಹಿಡಿದದ್ದು. ಮುದ್ರಣದ ಮಾರ್ಗವನ್ನು ಕೇಳಿಸುವ ಗುಣದಿಂದ ಊಹಿಸುವುದು ಸಂಶೋಧನೆಯಲ್ಲ. (ಜೇಮರ್‌ಸನ್ ಆಂಪೆಗ್ ಆಂಪ್ಲಿಫೈಯರ್ ಬಳಸುತ್ತಿದ್ದದ್ದು ನಿಜ. ಆದರೆ ಅದು ಮುಖ್ಯವಾಗಿ ಕ್ಲಬ್ಬುಗಳಲ್ಲಿ.)

ಹಾಗಾದರೆ ಡೆಟ್ರಾಯಿಟ್ ಹೆಸರು ಹಿಂದೆ ಬಿದ್ದದ್ದೇಕೆ? ಇಎಂಐ ಪ್ರತಿ ದಿನದ ಕಾಗದಪತ್ರ ಕಾಪಾಡಿತು, ಬೀಟಲ್ಸ್ ಕುರಿತು ಬರೆಯುವವರಿಗೆ ಕೊರತೆಯಿರಲಿಲ್ಲ. ಮೋಟೌನ್ ವಾದಕರ ಹೆಸರಾದರೋ ವರ್ಷಗಟ್ಟಲೆ ತಟ್ಟೆಯ ಹೊದಿಕೆಯ ಮೇಲೇ ಬರಲಿಲ್ಲ. ಜೇಮರ್‌ಸನ್‌ಗೆ ಆ ಮನ್ನಣೆ ಸಿಕ್ಕಿದ್ದು 1971ರ ‘ವಾಟ್ಸ್ ಗೋಯಿಂಗ್ ಆನ್’ನಲ್ಲಿ. ಅವರು 1983ರಲ್ಲಿ ತೀರಿಕೊಂಡರು. ಅವರ ಕುರಿತ ಅಲನ್ ಸ್ಲಟ್ಸ್‌ಕಿ ಗ್ರಂಥ ಬಂದದ್ದು 1989ರಲ್ಲಿ. ಹೆಸರಿಲ್ಲದವರ ಸಾಕ್ಷ್ಯವನ್ನು ಯಾರೂ ಕೇಳಲಿಲ್ಲ.

ಡೆಟ್ರಾಯಿಟನ್ನೇ ಜಗತ್ತಿನ ಮೊದಲಿಗ ಎಂದು ಸಾರುವುದು ನನ್ನ ಉದ್ದೇಶವಲ್ಲ. ಅದು ಅದೇ ತಪ್ಪಿನ ಪುನರಾವೃತ್ತಿಯಾದೀತು. 1967ರ ಘಟನೆ ಇಎಂಐ ಸ್ಟುಡಿಯೊದ ಇತಿಹಾಸಕ್ಕೆ ಸೇರಿದ್ದು, ಡಿಐ ಪದ್ಧತಿಯ ಆರಂಭಕ್ಕಲ್ಲ. ಮುಂದೆ ಬರೆಯುವವರು ಕನಿಷ್ಠ ಇಷ್ಟನ್ನಾದರೂ ತಿದ್ದಿಕೊಳ್ಳಬೇಕು.